ಓದುಗರ ಪ್ರಶ್ನೆ: ಹಡಗಿನ ಪ್ರವಾಸ ನಮಗೆ ಒಗ್ಗುತ್ತದಾ?

ರಜೆ ಹತ್ತಿರ ಬಂದಂತೆ ಕ್ರೂಸ್ ಬಗ್ಗೆ ಕೇಳುವ ಪತ್ರಗಳು ಜಾಸ್ತಿಯಾಗಿವೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಒಂದೇ, ಹೋಗಬೇಕಾ ಬೇಡವಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೊದಲನೆಯ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಉಳಿದ ಹಲವರ ಪ್ರಶ್ನೆಗಳೂ ಅದರೊಳಗೇ ಬಂದುಹೋಗುತ್ತವೆ.

ಪ್ರಶ್ನೆ: ನನಗೆ 61, ಯಜಮಾನರಿಗೆ 67. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಮ್ಮ ಮದುವೆಗೆ 40 ವರ್ಷ ತುಂಬಿತು ಅಂತ ಬೆಂಗಳೂರಿನಲ್ಲಿರುವ ಮಗ ಮನೆಯವರನ್ನೆಲ್ಲ ಸಿಂಗಾಪುರದಿಂದ ಹೊರಡುವ ನಾಲ್ಕು ದಿನದ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ನನಗೆ ಆಗುಂಬೆ ಘಾಟಿ ಇಳಿಯುವಾಗಲೇ ಬಸ್ಸಿನಲ್ಲಿ ವಾಂತಿ. ಯಜಮಾನರಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಆಗುವುದಿಲ್ಲ. ಬೇಡ ಅಂದರೆ ಮಗನಿಗೆ ಬೇಜಾರು, ಹೂಂ ಅನ್ನಲು ನನಗೆ ಹೆದರಿಕೆ. ಏನು ಮಾಡಲಿ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಾಂತಿ ಇದೆ, ಮಂಡಿನೋವಿದೆ, ಮಗನ ಬೇಜಾರಿದೆ. ನಿಮಗೆ ಹೋಗುವ ಆಸೆ ಇದೆಯಾ ಇಲ್ಲವಾ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೆದರಿಕೆಯ ಮಾತು ಮುಗಿಸೋಣ.

ಘಾಟಿಯ ಬಸ್ಸಿನಲ್ಲಿ ತಿರುವು, ಬ್ರೇಕು, ಡೀಸೆಲ್ ವಾಸನೆ ಎಲ್ಲ ಸೇರಿ ಹೊಟ್ಟೆ ತೊಳಸುತ್ತದೆ. ದೊಡ್ಡ ಹಡಗಿನ ಅಲುಗಾಟ ಬೇರೆ ಥರದ್ದು, ತುಂಬಾ ನಿಧಾನ. ನೀರಿನೊಳಗೆ ಎರಡೂ ಪಕ್ಕದಲ್ಲಿ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ, ಹಡಗು ಆ ಕಡೆ ಈ ಕಡೆ ವಾಲುವುದನ್ನು ಅವು ಬಹಳ ಮಟ್ಟಿಗೆ ತಡೆಯುತ್ತವೆ. ಅದಕ್ಕಿಂತ ಮುಖ್ಯ ದಾರಿ. ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್ ಕಡೆ ಹೋಗುವ ಹಡಗು ಮಲಕ್ಕಾ ಜಲಸಂಧಿಯಲ್ಲಿ ಸಾಗುತ್ತದೆ. ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ ದ್ವೀಪ. ಎರಡೂ ಕಡೆ ನೆಲ ಇರುವುದರಿಂದ ತೆರೆದ ಸಮುದ್ರದ ಹಾಗೆ ದೊಡ್ಡ ಅಲೆ ಏಳುವುದು ಕಡಿಮೆ. ನಿಮ್ಮ ಮಗ ಜುಲೈನಲ್ಲಿ ಅರಬ್ಬಿ ಸಮುದ್ರದ ಪ್ರವಾಸ ಅಂದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಮಳೆಗಾಲದಲ್ಲಿ ಆ ಸಮುದ್ರ ಹೇಗಿರುತ್ತದೆ ಅನ್ನುವುದು ಮಲ್ಪೆಯ ದಡದಲ್ಲಿ ನಿಂತು ನೋಡಿದವರಿಗೂ ಗೊತ್ತು.

ಆದರೂ ಒಂದೇ ಹಡಗಿನಲ್ಲಿ ಎಲ್ಲ ಕೋಣೆಗಳೂ ಒಂದೇ ಥರ ಅಲುಗುವುದಿಲ್ಲ. ಶಾಲೆಯ ಮೈದಾನದಲ್ಲಿ ಸೀಸಾ ಆಟ ನೋಡಿರುತ್ತೀರಿ, ತುದಿಯಲ್ಲಿ ಕೂತ ಮಗು ಮೇಲೆ ಕೆಳಗೆ ಹೋಗುತ್ತದೆ, ನಡುವಿನ ಕಂಬದ ಹತ್ತಿರ ಏನೂ ಆಗುವುದಿಲ್ಲ. ಹಡಗೂ ಹಾಗೆಯೇ. ಉದ್ದದಲ್ಲಿ ಮಧ್ಯಭಾಗದ, ಮಹಡಿಯಲ್ಲಿ ಕೆಳಗಿನ ಕೋಣೆಯನ್ನೇ ಕೇಳಿ. ಕಿಟಕಿ ಇರಲಿ. ತಲೆ ಸುತ್ತುವುದಕ್ಕೆ ಕಾರಣ ಏನು ಅಂದರೆ, ಕಿವಿಯ ಒಳಭಾಗಕ್ಕೆ ಅಲುಗಾಟ ಗೊತ್ತಾಗುತ್ತಿರುತ್ತದೆ, ಕಣ್ಣಿಗೆ ಮಾತ್ರ ಗೋಡೆ ನಿಂತಲ್ಲೇ ನಿಂತಂತೆ ಕಾಣುತ್ತದೆ, ಎರಡೂ ತಾಳೆಯಾಗುವುದಿಲ್ಲ. ಹೊರಗೆ ಬಂದು ನೀರು ಆಕಾಶ ಸೇರುವ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರೆ ಎಷ್ಟೋ ಜನರಿಗೆ ಆರಾಮ ಆಗುತ್ತದೆ. ಬಸ್ಸು ಹತ್ತುವ ಮುಂಚೆ ನುಂಗುವ ಅವೊಮಿನ್‌ನಂಥ ಮಾತ್ರೆ ಇಲ್ಲೂ ನಡೆಯುತ್ತದೆ, ಆದರೆ ಅದರಿಂದ ನಿದ್ದೆ ಬರುತ್ತದೆ. ದಿನಾ ಬೇರೆ ಔಷಧಿ ತೆಗೆದುಕೊಳ್ಳುವವರಾದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ, ಮುಂಚೆಯೇ ನುಂಗಬೇಕು.

ಒಂದು ಪರೀಕ್ಷೆ ಮಾಡಿ ನೋಡಬಹುದು. ಮಳೆಗಾಲ ಅಲ್ಲದ ದಿನಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಹೋಗುತ್ತದಲ್ಲ, ಅದರಲ್ಲಿ ಒಮ್ಮೆ ಹೋಗಿ ಬನ್ನಿ. ಆ ಸಣ್ಣ ಬೋಟ್ ದೊಡ್ಡ ಹಡಗಿಗಿಂತ ಜಾಸ್ತಿ ಅಲುಗುತ್ತದೆ. ಹೇಗೂ ನೀವು ಅಲ್ಲಿಗೆ ಆಗುಂಬೆ ಇಳಿದೇ ಬರಬೇಕು. ಘಾಟಿಯಲ್ಲಿ ಹೇಗಾಯಿತು, ನೀರಿನ ಮೇಲೆ ಹೇಗಾಯಿತು ಅಂತ ಒಂದೇ ದಿನದಲ್ಲಿ ಗೊತ್ತಾಗಿಬಿಡುತ್ತದೆ. ಅಲೆಪ್ಪಿಯ ಹೌಸ್‌ಬೋಟ್ ಈ ಪರೀಕ್ಷೆಗೆ ಬರುವುದಿಲ್ಲ, ಹಿನ್ನೀರಿನಲ್ಲಿ ಅಲೆಯೇ ಇರುವುದಿಲ್ಲ.

ಇನ್ನು ಯಜಮಾನರ ಮಂಡಿ. ಲಿಫ್ಟ್ ಇರುತ್ತದೆ, ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ಹಡಗು ಎಷ್ಟು ಉದ್ದ ಅನ್ನುವುದು ಹತ್ತುವವರೆಗೆ ಅಂದಾಜಿಗೆ ಸಿಗುವುದಿಲ್ಲ. ಸಿಂಗಾಪುರದಿಂದ ಓಡುತ್ತಿರುವ ಜೆಂಟಿಂಗ್ ಡ್ರೀಮ್ ಹಡಗನ್ನೇ ತೆಗೆದುಕೊಳ್ಳಿ, 335 ಮೀಟರ್ ಉದ್ದ, ಮೂರು ಸಾವಿರಕ್ಕೂ ಜಾಸ್ತಿ ಪ್ರಯಾಣಿಕರು. ಒಂದು ತುದಿಯಲ್ಲಿ ಕೋಣೆ, ಇನ್ನೊಂದು ತುದಿಯಲ್ಲಿ ಊಟದ ಹಾಲ್ ಆದರೆ ದಿನಕ್ಕೆ ಮೂರು ಸಲ ಹೋಗಿ ಬರುವುದರಲ್ಲೇ ಮಂಡಿ ಊದಿಕೊಳ್ಳುತ್ತದೆ. ಲಿಫ್ಟಿನ ಹತ್ತಿರದ ಕೋಣೆ ಕೇಳಿ. ವ್ಹೀಲ್‌ಚೇರ್ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ಹಡಗು ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ನೋಡಿ. ಪೆನಾಂಗ್‌ನಲ್ಲಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ, ಇಳಿದು ನಡೆದು ಹೋಗಬಹುದು. ಫುಕೆಟ್‌ನ ಪಟಾಂಗ್ ಕಡೆ ಹಾಗಲ್ಲ, ಹಡಗು ದೂರ ನೀರಿನಲ್ಲೇ ನಿಂತು ಸಣ್ಣ ಬೋಟಿನಲ್ಲಿ ದಡಕ್ಕೆ ಬಿಡುತ್ತಾರೆ. ಅಲುಗುವ ಬೋಟಿಗೆ ಕಾಲಿಟ್ಟು ಇಳಿಯುವುದು ಮಂಡಿನೋವಿನವರಿಗೆ ಕಷ್ಟ.

ಊಟಕ್ಕೆ ಅಷ್ಟು ಚಿಂತೆ ಬೇಡ. ಸಿಂಗಾಪುರದ ಹಡಗುಗಳಿಗೆ ನಮ್ಮ ದೇಶದವರು ತುಂಬಾ ಜನ ಬರುತ್ತಾರೆ, ಭಾರತೀಯ ಸಸ್ಯಾಹಾರ ಸಿಗುತ್ತದೆ. ಮೊಟ್ಟೆ ಬೇಡ ಅನ್ನುವುದನ್ನು ಬುಕ್ ಮಾಡುವಾಗ ಒಮ್ಮೆ, ಮೊದಲ ದಿನ ರಾತ್ರಿ ಊಟದ ಹಾಲ್‌ನ ಮುಖ್ಯ ವೇಟರ್‌ಗೆ ಇನ್ನೊಮ್ಮೆ ಬಿಡಿಸಿ ಹೇಳಿ, ಯಾಕೆಂದರೆ ಕೇಕು, ಪುಡ್ಡಿಂಗ್‌ಗಳಲ್ಲಿ ಮೊಟ್ಟೆ ಇರುವುದು ನೋಡಿದರೆ ಗೊತ್ತಾಗುವುದಿಲ್ಲ. ಸಿಗುವುದು ಹೆಚ್ಚಾಗಿ ಪನೀರ್, ದಾಲ್, ನಾನ್, ಬಾಸ್ಮತಿ ಅನ್ನ. ನಮ್ಮ ಸಾರು, ತಂಬುಳಿ ನಿರೀಕ್ಷೆ ಮಾಡಬೇಡಿ. ಮನೆಯಲ್ಲಿ ಮಾಡಿದ ತಿಂಡಿಗೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಏನೂ ಒಯ್ಯುವ ಹಾಗಿಲ್ಲ. ನಡುನೀರಿನಲ್ಲಿ ಬೆಂಕಿ ಬಿದ್ದರೆ ಓಡುವ ಜಾಗ ಇಲ್ಲವಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು.

ಈಗ ಆಸೆಯ ಮಾತು.

ನಾನು ಕೆಲವು ವರ್ಷಗಳ ಹಿಂದೆ ನವೆಂಬರ್‌ನಲ್ಲಿ ಅಮ್ಮನನ್ನೂ ಅಣ್ಣನನ್ನೂ ಮುಂಬೈಯಿಂದ ಗೋವಾಕ್ಕೆ ಹೋಗುವ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಮ್ಮ ಬೆಳಿಗ್ಗೆ ತಿಂಡಿ ಮುಗಿಸಿ ಡೆಕ್ ಮೇಲೆ ನೆರಳಿನಲ್ಲಿ ಒಂದು ಕುರ್ಚಿ ಹಿಡಿದು ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಪುಸ್ತಕ ಇಲ್ಲ, ಮೊಬೈಲ್ ಇಲ್ಲ, ಸುಮ್ನೆ ನೀರು ನೋಡುತ್ತಾ ಕೂತಿದ್ದಳು. ಬೋರ್ ಆಗುತ್ತಿಲ್ವಾ ಅಮ್ಮ ಅಂದೆ. "ಯಾರಿಗೂ ಕಾಫಿ ಮಾಡಬೇಕಾಗಿಲ್ಲ ಇವತ್ತು" ಅಂದಳು. ಅಷ್ಟೇ. ಆ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು, ಈಗ ಬರೆಯುವಾಗಲೂ ಬರುತ್ತಿದೆ. ನನ್ನ ಅಣ್ಣ ಇದ್ದಾನಲ್ಲ, ಊರಿಗೆ ಹೋದರೆ ಇಡೀ ಪೇಟೆ ಸುತ್ತಿ ಬರುವವನು, ಅವನು ಎರಡನೇ ದಿನ ಮಧ್ಯಾಹ್ನಕ್ಕೇ ಚಡಪಡಿಸಲು ಶುರು ಮಾಡಿದ. ಎಷ್ಟು ಹೊತ್ತಿಗೆ ಇಳಿಯುವುದು, ಇನ್ನೆಷ್ಟು ದೂರ ಅಂತ ಹತ್ತು ಸಲ ಕೇಳಿದ. ಇಬ್ಬರಿಗೂ ಒಂದೇ ಹಡಗು, ಒಂದೇ ಟಿಕೆಟ್ ದರ.

ಹಾಗಾಗಿ ನನ್ನನ್ನು ಯಾರು ಕೇಳಿದರೂ ಇದೊಂದನ್ನು ಕೇಳಿ ನೋಡಿಕೊಳ್ಳಿ ಅನ್ನುತ್ತೇನೆ. ಮಧ್ಯಾಹ್ನ ಮೂರು ಗಂಟೆ, ಊಟ ಆಗಿದೆ, ಇಳಿಯಲು ಆಗುವುದಿಲ್ಲ, ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಆ ಹೊತ್ತನ್ನು ನೆನೆಸಿಕೊಂಡರೆ ಹಗುರ ಅನ್ನಿಸುತ್ತದಾ, ಉಸಿರು ಕಟ್ಟಿದ ಹಾಗೆ ಆಗುತ್ತದಾ? ಹಗುರ ಅನ್ನಿಸಿದರೆ ಹೋಗಿ. ಊರು ನೋಡುವ ಆಸೆಗೆ ಹೋಗುವುದಾದರೆ ಹೋಗಬೇಡಿ, ನಾಲ್ಕು ದಿನದಲ್ಲಿ ಎರಡು ದೇಶ ಅಂತ ಜಾಹೀರಾತಿನಲ್ಲಿ ಹಾಕಿದ್ದರೂ ಸಹ. ಬಂದರಿನಲ್ಲಿ ಸಿಗುವುದು ಕೆಲವೇ ಗಂಟೆ. ಮಲೇಷ್ಯಾದ ಪೋರ್ಟ್ ಕ್ಲಾಂಗ್ ಬಂದರಿನಲ್ಲಿ ಇಳಿದರೆ ಕೌಲಾಲಂಪುರ ಅಲ್ಲಿಂದ ರಸ್ತೆಯಲ್ಲಿ ಒಂದು ಗಂಟೆಗೂ ಜಾಸ್ತಿ. ಹೋಗಿ ಬರುವುದರಲ್ಲೇ ಹೊತ್ತು ಹೋಗುತ್ತದೆ, ಹೇಳಿದ ಸಮಯಕ್ಕೆ ವಾಪಸ್ ಬರದಿದ್ದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಪೆನಾಂಗ್‌ನ ಗಲ್ಲಿಗಳನ್ನೂ ದೇವಸ್ಥಾನಗಳನ್ನೂ ನಿಧಾನವಾಗಿ ನೋಡಬೇಕು ಅಂದರೆ ವಿಮಾನದಲ್ಲಿ ಹೋಗಿ ಅಲ್ಲೇ ಮೂರು ದಿನ ಇರುವುದು ಒಳ್ಳೆಯದು.

ನೀವಿಬ್ಬರೇ ಒಂದು ಸಂಜೆ ಕೂತು ಇದನ್ನು ಮಾತಾಡಿ. ಮಗ ಎದುರಿಗೆ ಇದ್ದರೆ ನೀವು ಅವನ ಮುಖ ನೋಡಿ ಹೂಂ ಅನ್ನುತ್ತೀರಿ, ಎಲ್ಲ ಅಮ್ಮಂದಿರೂ ಮಾಡುವುದು ಅದನ್ನೇ. ಇಷ್ಟ ಇಲ್ಲ ಅಂತ ಆದರೆ ಬೇಡ ಅಂತ ಹೇಳಿ ಸುಮ್ಮನಾಗಬೇಡಿ, ಅದರ ಬದಲು ಎಲ್ಲಿಗೆ ಹೋಗುವ ಆಸೆ ಅಂತಲೂ ಹೇಳಿ. ಅವನಿಗೆ ಬೇಕಾಗಿರುವುದು ನಿಮ್ಮ ಜೊತೆ ನಾಲ್ಕು ದಿನ ಇರುವುದು, ಹಡಗಲ್ಲ. ಇಷ್ಟ ಇದೆ ಅಂತಾದರೆ ಈ ಪುಟವನ್ನೇ ಅವನಿಗೆ ಕಳಿಸಿ. ಮಾತ್ರೆಗಳನ್ನು ಮಾತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತೆಗೆದುಕೊಂಡು ಆಮೇಲೆ ಕೋಣೆಗೆ ತಲುಪಿಸುತ್ತಾರೆ. ನಮ್ಮ ಬ್ಯಾಗ್ ಬರುವ ಹೊತ್ತಿಗೆ ರಾತ್ರಿ ಒಂಬತ್ತು ದಾಟಿತ್ತು, ಅಮ್ಮನ ಬಿ.ಪಿ. ಮಾತ್ರೆ ಅದರೊಳಗಿತ್ತು. ಆ ನಾಲ್ಕೈದು ಗಂಟೆ ನಾನು ಪಟ್ಟ ಆತಂಕ ನಿಮಗೆ ಬೇಡ.

ಪ್ರಶ್ನೆ: ಮಗಳು ಸಿಯಾಟಲ್‌ನಲ್ಲಿದ್ದಾಳೆ. ಜೂನ್‌ನಲ್ಲಿ ನಾವು ಹೋದಾಗ ಅಲಾಸ್ಕಾ ಕ್ರೂಸ್ ಮಾಡೋಣ ಅನ್ನುತ್ತಾಳೆ. ಖರ್ಚು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅಷ್ಟು ಹಣಕ್ಕೆ ಯೋಗ್ಯವಾ? ನಮ್ಮಿಬ್ಬರ ಹತ್ತಿರ ಅಮೆರಿಕದ ಪ್ರವಾಸಿ ವೀಸಾ ಇದೆ.
– ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಉತ್ತರ: ಸರ್, ಮೊದಲು ವೀಸಾ ವಿಷಯ, ಇದರಲ್ಲಿ ಎಡವಿದವರು ಬಹಳ ಜನ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಅಲಾಸ್ಕಾ ಹಡಗುಗಳು ದಾರಿಯಲ್ಲಿ ಕೆನಡಾದ ಒಂದು ಬಂದರಿನಲ್ಲಿ, ಹೆಚ್ಚಾಗಿ ವಿಕ್ಟೋರಿಯಾದಲ್ಲಿ, ನಿಲ್ಲುತ್ತವೆ. ಅದಕ್ಕೆ 1886ರ ಒಂದು ಹಳೆಯ ಕಾನೂನು ಕಾರಣ. ಹೊರದೇಶದಲ್ಲಿ ನೋಂದಣಿಯಾದ ಹಡಗು ನಡುವೆ ಬೇರೆ ದೇಶದ ಬಂದರಿಗೆ ಹೋಗದೆ ಅಮೆರಿಕದಲ್ಲೇ ಹತ್ತಿಸಿ ಅಮೆರಿಕದಲ್ಲೇ ಇಳಿಸುವಂತಿಲ್ಲ. ಈ ದೊಡ್ಡ ಹಡಗುಗಳೆಲ್ಲ ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾ ಕಡೆ ನೋಂದಣಿಯಾದವು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವ ನಿಮಗೆ ಕೆನಡಾದ ವೀಸಾ ಪ್ರತ್ಯೇಕವಾಗಿ ಬೇಕು. ನಾನು ಅಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಕೂತಿರುತ್ತೇನೆ ಅಂದರೂ ನಡೆಯುವುದಿಲ್ಲ, ಸಿಯಾಟಲ್‌ನಲ್ಲಿ ಹತ್ತಲೇ ಬಿಡುವುದಿಲ್ಲ. ಮಗಳಿಗೆ ಗ್ರೀನ್ ಕಾರ್ಡ್ ಇದ್ದರೆ ಈ ವೀಸಾ ಬೇಡ, ಎಚ್-1ಬಿ ಅನ್ನುವ ಕೆಲಸದ ವೀಸಾ ಆಗಿದ್ದರೆ ಅವಳಿಗೂ ಬೇಕು. ಈಗಲೇ ಅರ್ಜಿ ಹಾಕಿ, ಅದು ಕೈಗೆ ಬರುವವರೆಗೆ ವಾಪಸ್ ಬಾರದ ಹಣ ಕಟ್ಟಬೇಡಿ.

ಇನ್ನು ಯೋಗ್ಯವಾ ಅಂದರೆ, ನನ್ನ ಮಟ್ಟಿಗೆ ಹೌದು. ಬೇರೆ ಕಡೆಗಳಲ್ಲಿ ಹಡಗು ಒಂದು ಅನುಕೂಲ ಅಷ್ಟೇ, ಅಲಾಸ್ಕಾದ ಆ ಭಾಗದಲ್ಲಿ ಹಡಗೇ ದಾರಿ. ರಾಜಧಾನಿ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ನೀರಿನಲ್ಲಿ ಹೋಗಬೇಕು ಇಲ್ಲವೇ ವಿಮಾನದಲ್ಲಿ. ಗ್ಲೇಸಿಯರ್ ಬೇ ಅನ್ನುವ ಕೊಲ್ಲಿಗೆ ಹೋಗುವ ಹಡಗು ಸಿಕ್ಕರೆ ಅದನ್ನೇ ಹಿಡಿಯಿರಿ. ಅಲ್ಲಿ ಹಿಮನದಿ ನೇರವಾಗಿ ಸಮುದ್ರಕ್ಕೆ ಬಂದು ಮುಟ್ಟುತ್ತದೆ, ಅದರ ಮುಂದೆ ಹಡಗು ಸಾಕಷ್ಟು ಹೊತ್ತು ನಿಲ್ಲುತ್ತದೆ, ಮನೆಯಷ್ಟು ದೊಡ್ಡ ಹಿಮದ ತುಂಡು ಕಳಚಿ ನೀರಿಗೆ ಬಿದ್ದಾಗ ಗುಡುಗಿದ ಹಾಗೆ ಸದ್ದು. ಇದನ್ನು ಕುರ್ಚಿಯಲ್ಲಿ ಕೂತು, ಕಂಬಳಿ ಹೊದ್ದು ನೋಡಬಹುದು. ವಯಸ್ಸಾದವರಿಗೆ ಇಷ್ಟು ಸುಲಭವಾಗಿ ಇಂಥ ನೋಟ ಬೇರೆಲ್ಲಿ ಸಿಗುತ್ತದೆ? ಜೂನ್ ಆದರೂ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಮಳೆಗೆ ಜಾಕೆಟ್ ಇಟ್ಟುಕೊಳ್ಳಿ. ಹಣ ಉಳಿಸಬೇಕಾದರೆ ಕಿಟಕಿ ಇಲ್ಲದ ಒಳಗಿನ ಕೋಣೆ ಸಾಕು, ನೋಡುವುದೆಲ್ಲ ಡೆಕ್ ಮೇಲಿನಿಂದಲೇ. ಇಂಥ ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ತುಂಬಾ ಜನ ಕೆಲಸ ಮಾಡುತ್ತಾರೆ. ಊಟದ ಹಾಲ್‌ನಲ್ಲಿ ಅವರಲ್ಲಿ ಒಬ್ಬರು ಸಿಕ್ಕಿದರೆ ಮಾತಾಡಿಸಿ, ತಿಂಗಳುಗಟ್ಟಲೆ ಮನೆ ಬಿಟ್ಟಿರುವವರು, ಕನ್ನಡ ಕೇಳಿದರೆ ಮುಖ ಅರಳುತ್ತದೆ.

ಪ್ರಶ್ನೆ: ಹೊಸದಾಗಿ ಮದುವೆಯಾದವರು ನಾವು. ಟಿಕೆಟ್‌ನಲ್ಲೇ ಎಲ್ಲ ಸೇರಿದೆ ಅನ್ನುತ್ತಾರೆ ಏಜೆಂಟ್. ನಿಜವಾ?
– ಹುಬ್ಬಳ್ಳಿ

ಉತ್ತರ: ಪೂರ್ತಿ ನಿಜ ಅಲ್ಲ. ಕೋಣೆ, ಸಾಮಾನ್ಯ ಊಟ ತಿಂಡಿ, ಈಜುಕೊಳ, ರಾತ್ರಿಯ ಶೋಗಳು ಹೆಚ್ಚಾಗಿ ಸೇರಿರುತ್ತವೆ. ಬಂದರು ಶುಲ್ಕ ಮತ್ತು ತೆರಿಗೆ ಸೇರಿದೆಯಾ ಅಂತ ಬರೆದು ಕೊಡಲು ಹೇಳಿ. ಕೂಲ್ ಡ್ರಿಂಕ್ಸ್, ಮದ್ಯ, ವೈಫೈ, ಸ್ಪೆಷಲ್ ರೆಸ್ಟೋರೆಂಟ್, ದಡದಲ್ಲಿ ಸುತ್ತಾಡುವ ಟೂರ್ ಇವಕ್ಕೆಲ್ಲ ಬೇರೆ ಹಣ. ಅಮೆರಿಕದ ದೊಡ್ಡ ಕಂಪನಿಗಳ ಹಡಗಾದರೆ ಟಿಪ್ಸ್ ಅಂತಲೇ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಬಿಲ್ಲಿಗೆ ಸೇರುತ್ತದೆ, ಇಬ್ಬರಿಗೆ ನಾಲ್ಕು ದಿನ ಅಂದರೆ ಲೆಕ್ಕ ಹಾಕಿ. ಹಡಗು ಹೊರಟ ಕೂಡಲೇ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಿ. ಇಲ್ಲದಿದ್ದರೆ ಅದು ತಾನಾಗಿ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ, ಆ ರೋಮಿಂಗ್ ದರ ತುಂಬಾ ದುಬಾರಿ. ಸಿಂಗಾಪುರದಿಂದ ಹೋಗುವುದಾದರೆ ಮತ್ತೆ ಸಿಂಗಾಪುರಕ್ಕೇ ಬರುತ್ತೀರಿ, ಹಾಗಾಗಿ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬರಲು ಬಿಡುವ ವೀಸಾನೇ ಆಗಿರಬೇಕು. ಅಲಾಸ್ಕಾದವರಿಗೆ ಒಳಗಿನ ಕೋಣೆ ಸಾಕು ಅಂದೆ, ನಿಮಗೆ ಮಾತ್ರ ಕೈಗೆಟುಕುವುದಾದರೆ ಬಾಲ್ಕನಿ ತೆಗೆದುಕೊಳ್ಳಿ ಅನ್ನುತ್ತೇನೆ. ಸಾವಿರಾರು ಜನರ ನಡುವೆ ಇಬ್ಬರೇ ಕೂತು ಸಮುದ್ರ ನೋಡಲು ಅದೊಂದೇ ಜಾಗ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಕಡಲು ಕಂಡರೆ ಭಯ. ಸ್ನೇಹಿತರೆಲ್ಲ ಹೊರಟಿದ್ದಾರೆ.
– ಕೋಲಾರ

ಉತ್ತರ: ಈಜು ಬರುವುದಿಲ್ಲ ಅನ್ನುವುದು ಇಲ್ಲಿ ದೊಡ್ಡ ವಿಷಯ ಅಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಡಗು ಸುರಕ್ಷತೆಗೆ ಅಂತಲೇ ಅಂತಾರಾಷ್ಟ್ರೀಯ ಒಪ್ಪಂದ ಆಯಿತು, ಆಮೇಲೆ ಅದು ಬಿಗಿಯಾಗುತ್ತಲೇ ಬಂದಿದೆ. ಈಗ ಹಡಗಿನಲ್ಲಿರುವ ಎಲ್ಲರಿಗೂ ಸಾಕಾಗುವಷ್ಟು ಜೀವರಕ್ಷಕ ದೋಣಿ, ತೆಪ್ಪಗಳು ಇರಲೇಬೇಕು. 2012ರ ಜನವರಿಯಲ್ಲಿ ಇಟಲಿಯ ದಡದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ತಾಗಿ 32 ಜನ ತೀರಿಕೊಂಡರು, ಹೊಸದಾಗಿ ಹತ್ತಿದ್ದ ಎಷ್ಟೋ ಜನರಿಗೆ ಇನ್ನೂ ಸುರಕ್ಷತಾ ತಾಲೀಮು ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ. ಅದನ್ನು ತಪ್ಪಿಸಿಕೊಂಡು ಫೋಟೋ ತೆಗೆಯಲು ಹೋಗಬೇಡಿ, ನಿಮ್ಮ ದೋಣಿ ಯಾವ ಕಡೆ ಅಂತ ಕಣ್ಣಾರೆ ನೋಡಿಕೊಳ್ಳಿ.

ಆದರೆ ಇಷ್ಟೆಲ್ಲ ಓದಿದ ಮೇಲೂ ದಡದಲ್ಲಿ ನಿಂತಾಗ ಕೈಕಾಲು ನಡುಗುತ್ತದೆ ಅಂತಾದರೆ ಸ್ನೇಹಿತರ ಒತ್ತಾಯಕ್ಕೆ ಹೋಗಬೇಡಿ. ನಡುವೆ ಬೇಡ ಅನ್ನಿಸಿದರೆ ಇಳಿದು ಬರುವ ಹಾಗಿಲ್ಲ.

ಪ್ರಶ್ನೆ: ಮಗುವಿಗೆ ಈಗ ಎಂಟು ತಿಂಗಳು. ಕರೆದುಕೊಂಡು ಹೋಗಬಹುದಾ?
– ಮೈಸೂರು

ಉತ್ತರ: ಹೆಚ್ಚಿನ ಕಂಪನಿಗಳಲ್ಲಿ ಆರು ತಿಂಗಳು ತುಂಬಿರಬೇಕು, ನಡುವೆ ದಿನಗಟ್ಟಲೆ ದಡ ಸಿಗದ ದೂರದ ಪ್ರಯಾಣಕ್ಕೆ ಒಂದು ವರ್ಷ. ಹಾಗಾಗಿ ನಿಯಮ ಅಡ್ಡ ಬರುವುದಿಲ್ಲ. ಆದರೆ ಡೈಪರ್ ಹಾಕಿದ ಮಗುವನ್ನು ದೊಡ್ಡ ಈಜುಕೊಳಕ್ಕೆ ಬಿಡುವುದಿಲ್ಲ, ಡೈಪರ್ ಮತ್ತು ಹಾಲಿನ ಪುಡಿ ಹಡಗಿನಲ್ಲಿ ಸಿಗುತ್ತದೆ ಅಂತ ನಂಬಿ ಹೋಗುವ ಹಾಗಿಲ್ಲ. ಡಾಕ್ಟರ್ ಇರುತ್ತಾರೆ, ಆದರೆ ಫೀಸು ತುಂಬಾ ಜಾಸ್ತಿ, ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಹೊರಡಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಇನ್ನೆರಡು ವರ್ಷ ಬಿಟ್ಟು ಹೋಗಿ. ಮಗು ಓಡಾಡುತ್ತದೆ, ನೀವೂ ಒಂದು ಹೊತ್ತು ನೆಮ್ಮದಿಯಾಗಿ ಕೂತು ಊಟ ಮಾಡಬಹುದು. ಇನ್ನೊಂದು ಮಾತು, ಇದೇ ಪ್ರಶ್ನೆಯನ್ನು ಬಸುರಿಯೊಬ್ಬರೂ ಕೇಳಿದ್ದಾರೆ. ಪ್ರವಾಸ ಮುಗಿಯುವ ಹೊತ್ತಿಗೆ 24 ವಾರ ಆಗಿರುತ್ತದೆ ಅಂದರೆ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಹಡಗಿನಲ್ಲಿ ಹೋಗುವ ಆಸೆ ಬಹಳ ಇದೆ. ಆದರೆ ಕ್ಯಾಸಿನೊ, ಡಿಜೆ, ಗಲಾಟೆ ನಮಗೆ ಆಗುವುದಿಲ್ಲ. ಬೇರೆ ದಾರಿ ಇದೆಯಾ?
– ಕಾಫಿ ಬೆಳೆಗಾರ ದಂಪತಿ, ಚಿಕ್ಕಮಗಳೂರು

ಉತ್ತರ: ಇದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಅಲ್ಲಿನ ಆಡಳಿತದವರೇ ನಡೆಸುವ ಸಮುದ್ರಂ ಅನ್ನುವ ಐದು ದಿನದ ಪ್ಯಾಕೇಜ್ ಬಗ್ಗೆ ವಿಚಾರಿಸಿ. ಎಂ.ವಿ. ಕವರತ್ತಿ ಹಡಗಿನಲ್ಲಿ ರಾತ್ರಿ ಮಲಗುವುದು, ಹಗಲು ಒಂದೊಂದು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಇದು ದ್ವೀಪದ ಜನರೂ ಓಡಾಡುವ ಹಡಗು, ಐಷಾರಾಮಿ ಅಲ್ಲ. ಅಲ್ಲಿ ಜನ ವಾಸಿಸುವ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧ ಇದೆ, ಹಾಗಾಗಿ ಗಲಾಟೆಯ ಮಾತೇ ಇಲ್ಲ. ನೀರಿನ ಬಣ್ಣವನ್ನು ನಾನು ಬರೆದು ತಿಳಿಸಲಾರೆ.

ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಲಕ್ಷದ್ವೀಪಕ್ಕೆ ಅನುಮತಿ ಪತ್ರ ಬೇಕು, ಹಡಗಿನ ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ, ಅಕ್ಟೋಬರ್‌ನಿಂದ ಮೇ ನಡುವೆ ಯಾವಾಗ ಹೊರಡುತ್ತದೆ ಅಂತ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿರುವ ಅವರ ಕಚೇರಿಯಲ್ಲಿ ಕೇಳಿಯೇ ರಜೆ ಹಾಕಿ. ಇನ್ನೊಂದು, ದ್ವೀಪಗಳ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಕೆಲವು ಕಡೆ ಹೊರಗೇ ನಿಂತು ಸಣ್ಣ ದೋಣಿಗೆ ಇಳಿಸುತ್ತಾರೆ. ಅಲೆಗೆ ದೋಣಿ ಏರಿ ಇಳಿಯುವಾಗ ಸಿಬ್ಬಂದಿ ಕೈ ಹಿಡಿದು ಸರಿಯಾದ ಹೊತ್ತಿಗೆ ದಾಟಿಸುತ್ತಾರೆ, ಅವರು ಹೇಳುವವರೆಗೆ ಕಾಲು ಎತ್ತಬೇಡಿ. ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಹೋದರೆ ನಿಮಗೂ ಬಿಡುವು, ಸಮುದ್ರವೂ ಶಾಂತ. ಮಿನಿಕಾಯ್‌ನಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭ ಇದೆ, ಮಂಡಿ ಗಟ್ಟಿ ಇದ್ದರೆ ಮೇಲಿನವರೆಗೂ ಹತ್ತಿ.